ನೆರಳು ತಿದ್ದಿದ ಆ ಒಂದು ಮಾತು

ಆನ್‌ಲೈನ್‌ನಲ್ಲಿ ಚಿತ್ರ ಹಾಕಿದರೆ ಕಲಾವಿದರಿಗೆ ಲೈಕ್ ಬಿಟ್ಟು ಏನೂ ಸಿಗುವುದಿಲ್ಲ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಮ್ಮದು ಚಿಕ್ಕಬಳ್ಳಾಪುರ. ನಾಲ್ಕು ಜನಕ್ಕೆ ಚಿತ್ರ ತೋರಿಸಬೇಕು ಅಂದ್ರೆ ಬೆಂಗಳೂರಿನ ಬಸ್ ಹತ್ತಬೇಕು. ಅಲ್ಲಿನ ಚಿತ್ರಸಂತೆಯೂ ವರ್ಷಕ್ಕೊಂದೇ ಸಲ ಅಲ್ವಾ?

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯನ್ನು ಇಂಕ್‌ನಲ್ಲಿ ಬರೆದು ಕಲಾವಿದರು ಚಿತ್ರ ಹಂಚಿಕೊಳ್ಳುವ ಡಿವಿಯಂಟ್‌ಆರ್ಟ್ ಜಾಲತಾಣಕ್ಕೆ ಹಾಕಿದ್ದೆ. ಮುಖ ಪರಿಚಯವೂ ಇಲ್ಲದ ಒಬ್ಬರು, ಮೆಟ್ಟಿಲುಗಳ ನೆರಳು ಎಡಕ್ಕೆ, ಮಂಟಪದ ನೆರಳು ಬಲಕ್ಕೆ ಬಿದ್ದಿದೆ ನೋಡಿ ಎಂದರು. ಮನೆಯವರು, ಗೆಳೆಯರು ಎಲ್ಲರೂ ಸುಮ್ನೆ ಚೆನ್ನಾಗಿದೆ ಅಂದಿದ್ದರು. ಮಾರನೇ ದಿನ ಬೆಳಿಗ್ಗೆಯೇ ಹೋಗಿ ಮೆಟ್ಟಿಲ ಮೇಲೆ ಕೂತು ಮತ್ತೆ ಬರೆದೆ.

ಕದಿಯುತ್ತಾರೆ ಅನ್ನುವುದು ನಿಜ. ಅದೇ ಚಿತ್ರ, ನನ್ನ ಸಹಿ ಕತ್ತರಿಸಿಕೊಂಡು ಒಂದು ಅಂಗಡಿಯ ಕ್ಯಾಲೆಂಡರ್‌ನಲ್ಲಿ ಬಂತು. ತುಂಬಾ ಹೊಟ್ಟೆ ಉರಿಯಿತು. ದೊಡ್ಡದಾಗಿ ಅಚ್ಚು ಹಾಕಿದರೆ ಮಸುಕಾಗಲಿ ಅಂತ ಈಗ 1200 ಪಿಕ್ಸೆಲ್‌ಗಿಂತ ದೊಡ್ಡದು ಹಾಕುವುದಿಲ್ಲ. ಸಹಿಯನ್ನು ಮೂಲೆಯಲ್ಲಿ ಬಿಡದೆ ಕಲ್ಲಿನ ಗೆರೆಗಳ ಒಳಗೇ ಸೇರಿಸುತ್ತೇನೆ.

ಕಂಪ್ಯೂಟರೇ ಚಿತ್ರ ಬರೆದುಕೊಡುವ ಎಐ ಭಯವೂ ಇದೆ. ಆದರೆ 2022ರ ಡಿಸೆಂಬರ್‌ನಲ್ಲಿ ಆರ್ಟ್‌ಸ್ಟೇಷನ್ ಅನ್ನುವ ಇನ್ನೊಂದು ಜಾಲತಾಣದ ಕಲಾವಿದರು ಎಐ ಚಿತ್ರಗಳ ವಿರುದ್ಧ ಒಟ್ಟಾಗಿ ತಮ್ಮ ಪುಟಗಳಲ್ಲಿ ಒಂದೇ ಫಲಕ ಹಾಕಿ ಪ್ರತಿಭಟಿಸಿದರು. ಒಬ್ಬೊಬ್ಬರೇ ಮನೆಯಲ್ಲಿ ಕೂತಿದ್ದರೆ ಆ ಕೂಗು ಯಾರಿಗೆ ಕೇಳಿಸುತ್ತಿತ್ತು?

ದುಡ್ಡು ಜಾಸ್ತಿ ಬಂದಿಲ್ಲ. ಎರಡು ಆರ್ಡರ್ ಬಂದಿವೆ, ಎರಡೂ ಆನ್‌ಲೈನ್‌ನಿಂದಲೇ.