ಹೆಸರಲ್ಲೇ ‘ಸಾಯ್’ ಇದೆ

ನಿನ್ನೆ ಮಡಿಕೇರಿಗೆ ಹೋಗಿ ಸಂಜೆ ನೆನೆದುಕೊಂಡು ಮನೆಗೆ ಬಂದೆ. ಜಗಲಿಯಲ್ಲಿದ್ದ ನನ್ನ ಬೋನ್ಸಾಯ್ ಗಿಡ ಇಲ್ಲ. ತಟ್ಟೆ ಇದೆ. ಅದರಲ್ಲಿ ನಾಯಿ ಅನ್ನ ತಿನ್ನುತ್ತಿದೆ. ನೀರು ಬಸಿಯಲೆಂದು ಇರುವ ತೂತಿನಿಂದ ಸಾರು ಸೋರುತ್ತಿದೆ.

350 ರೂಪಾಯಿಯ ತಟ್ಟೆ ಅದು!

ಕೊಡಗಿನಲ್ಲಿ ಕೂತು ಗೇಣುದ್ದದ ಮರ ಬೆಳೆಸಲು ಹೊರಟಿದ್ದೇ ತಪ್ಪು ಅನ್ನಿ. ಕತ್ತೆತ್ತಿದರೆ ಸಿಲ್ವರ್ ಓಕ್. ಮರ ಅಂದರೆ ನಮ್ಮವರು ಕೇಳುವುದು ಎರಡೇ: ಕಾಫಿಗೆ ನೆರಳಾಗುತ್ತಾ, ಮೆಣಸಿನ ಬಳ್ಳಿ ಹಬ್ಬುತ್ತಾ? ಪಕ್ಕದ ತೋಟದವರು ನನ್ನ ಗಿಡ ನೋಡಿ, "ಕೊಂಬೆ ಸವರೋ ಕಪಾತಿಗೆ ಏಣಿ ಬೇಡ, ಅದೊಂದು ಲಾಭ" ಎಂದು ಹೋಗಿದ್ದರು.

ಸಸಿ ಸಿಕ್ಕಿದ್ದು ಬಾವಿ ಕಟ್ಟೆಯ ಬಿರುಕಿನಲ್ಲಿ. ಗೋಣಿ ಮರದ್ದು. ಆಲ, ಅತ್ತಿಯ ಬಳಗ. ಬೇರು ಕತ್ತರಿಸಿದರೂ ಸುಲಭಕ್ಕೆ ಸಾಯುವುದಿಲ್ಲ, ಹೊಸಬರಿಗೆ ಇದೇ ಸರಿ ಎಂದು ಓದಿದ್ದೆ. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಗೊಬ್ಬರ ಸೇರಿಸಿ ನೆಟ್ಟೆ. ಕೊಂಬೆ ಬಗ್ಗಿಸಲು ಮೆತ್ತಗಿನ ಅಲ್ಯೂಮಿನಿಯಂ ತಂತಿ ಸುತ್ತಬೇಕು. ಮನೆಯಲ್ಲಿದ್ದದ್ದು ಸೋಲಾರ್ ಬೇಲಿಯ ತಂತಿ. ಆನೆ ತಡೆಯುವ ತಂತಿಯನ್ನು ಕಡ್ಡಿಯಂಥ ಕೊಂಬೆಗೆ ಸುತ್ತಿ ಬಗ್ಗಿಸಿದೆ. ಲಟಕ್ ಎಂದಿತು. ಮೂರು ಕೊಂಬೆ ಎರಡಾಯಿತು.

ಬುಡದಲ್ಲಿ ಪಾಚಿ ಬೆಳೆಸಲು ಬೇರೆ ಊರಿನವರು ನೀರು ಚಿಮುಕಿಸಿ ಕಾಯುತ್ತಾರೆ. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ನನಗೆ ಆ ಚಿಂತೆ ಇರಲಿಲ್ಲ. ಬೈಕಿನ ಸೀಟಿನ ಮೇಲೇ ಬೆಳೆದಿತ್ತು.

ಕಷ್ಟ ಇದ್ದದ್ದು ಅಮ್ಮನದು. "ಹೆಸರಲ್ಲೇ ಸಾಯ್ ಅಂತಿದೆ. ಬದುಕುತ್ತಾ ಅದು?" ಎಂದು ಮೊದಲ ದಿನವೇ ಕೇಳಿದ್ದಳು. ಜಪಾನಿನವರ ಮಾತಲ್ಲಿ ತಟ್ಟೆಯಲ್ಲಿ ನೆಟ್ಟ ಗಿಡ ಎಂದರ್ಥ ಅಂದೆ. ಹೇಳಬಾರದಿತ್ತು. ತಟ್ಟೆ ಅಂದ ಮೇಲೆ ಬಡಿಸಬೇಕು, ಅಲ್ವಾ?

ಬಡಕಲು ಕಂಡದ್ದಕ್ಕೆಲ್ಲ ತಿನ್ನಿಸುವುದು ಅಮ್ಮನ ಚಟ. ಕರೆಂಟ್ ಮೀಟರ್ ನೋಡಲು ಬಂದವನು ಸಣ್ಣಗಿದ್ದರೆ ಕಡುಬು ತಿನ್ನದೆ ಗೇಟು ದಾಟುವಂತಿಲ್ಲ. ಗಿಡ ಚಿಕ್ಕದಾಗಿರಲಿ ಎಂದು ಬೆಳಿಗ್ಗೆ ನಾನು ಚಿಗುರು ಚಿವುಟುವುದು. ಮಧ್ಯಾಹ್ನ ಅವಳು ಅಕ್ಕಿ ತೊಳೆದ ನೀರು ಹಾಕುವುದು. ಒಂದು ದಿನ ಸಗಣಿ ನೀರು. ಭಾನುವಾರ ಮೀನು ತೊಳೆದ ನೀರು. ಅವತ್ತಿಡೀ ಬೆಕ್ಕು ತಟ್ಟೆಯಲ್ಲೇ ಮಲಗಿತ್ತು. ಒಮ್ಮೆ ಕಾಫಿ ಚರಟ ಸುರಿದು, "ಕೊಡಗಿನ ಗಿಡ, ಕಾಫಿ ಕುಡಿಯದೆ ಇರುತ್ತಾ?" ಅಂದಳು. ಬೇಡಮ್ಮ ಎಂದರೆ, "ಕಾಲು ಕತ್ತರಿಸಿ ಕೂರಿಸಿದ್ದೀಯ. ಊಟಾನೂ ಬೇಡ ಅಂತೀಯ!" ಬೇರು ಕತ್ತರಿಸುವಾಗ ಅವಳು ನೋಡಿದ್ದೇ ತಪ್ಪಾಯಿತು.

ನಿನ್ನೆ ಕೇಳಿದರೆ, "ನೆಲಕ್ಕೆ ಹಾಕಿದೆ" ಎಂದಳು ಆರಾಮಾಗಿ.

ಟಾರ್ಚ್ ಹಿಡಿದು ಹೋದೆ. 2018ರ ಆಗಸ್ಟ್ ಮಳೆಗೆ ಬುಡಸಮೇತ ಉರುಳಿದ ದೊಡ್ಡ ಗೋಣಿ ಮರದ ಜಾಗ. ಕೆಲಸದ ದಿನಗಳಲ್ಲಿ ಅಪ್ಪ ಬುತ್ತಿ ಬಿಚ್ಚುತ್ತಿದ್ದದ್ದು ಅದರ ಕೆಳಗೆ. ಆಮೇಲೆ ಅಲ್ಲಿ ನಾವು ಏನೂ ನೆಟ್ಟಿರಲಿಲ್ಲ. ಬಾವಿ ಕಟ್ಟೆಗೆ ಬೀಜ ತಂದ ಹಕ್ಕಿ ಆ ಮರದ ಹಣ್ಣನ್ನೇ ತಿಂದಿತ್ತೋ ಏನೋ. ಅಮ್ಮ ಸಸಿಯ ಸುತ್ತ ಕೋಲು ನೆಟ್ಟು ಬೇಲಿ ಕಟ್ಟಿದ್ದಳು. ಮಳೆಯಲ್ಲಿ ಸುಮ್ನೆ ನಿಂತೆ.

ಟಾರ್ಚ್ ಪಕ್ಕಕ್ಕೆ ತಿರುಗಿತು. ಎರಡು ಮೆಣಸಿನ ಬಳ್ಳಿ! ಗೇಣುದ್ದದ ಮರಕ್ಕೆ!

ಬೆಳಗಾದ ಕೂಡಲೇ ಕೀಳುವುದು ಎಂದುಕೊಂಡೆ. ಕೀಳುವ ಕ್ರಮ ತಿಳಿಯಲು ರಾತ್ರಿ ಮೊಬೈಲ್ ತೆರೆದರೆ, ಕಾಂಡ ದಪ್ಪ ಬರಬೇಕಾದರೆ ಸಸಿಯನ್ನು ಮೊದಲು ಕೆಲವು ವರ್ಷ ನೆಲದಲ್ಲೇ ಬೆಳೆಸಬೇಕು, ಆಮೇಲೆ ಮೊಟಕು ಮಾಡಿ ತಟ್ಟೆಗೆ ತರಬೇಕು ಎಂದಿತ್ತು. ಅಂದರೆ ಅಮ್ಮ ಮಾಡಿದ್ದೇ ಸರಿ. ನಾನಂತೂ ಅವಳಿಗೆ ಹೇಳುವುದಿಲ್ಲ.

ಬೆಳಿಗ್ಗೆ ನನ್ನ ಮುಖ ನೋಡಿ, "ಸೊರಗಿದ್ದೀಯ" ಎಂದು ಇನ್ನೆರಡು ಕಡುಬು ಹಾಕಿದಳು. ತಿಂದು ತಟ್ಟೆ ವಾಪಸ್ ತರಲು ಜಗಲಿಗೆ ಹೋದೆ. ನಾಯಿ ಗುರ್ ಎಂದಿತು.