ಬರೆದುಕೊಟ್ಟರೆ ಡಾಕ್ಟರಿಗೇನು ಸಿಗುತ್ತದೆ?

ಡಾಕ್ಟರ ಓದು, ಅನುಭವ, ಕೈಗುಣ ಎಲ್ಲ ವಿಚಾರಿಸುತ್ತೇವೆ. ಈ ಚಿಕಿತ್ಸೆ ಬರೆದರೆ ಅವರಿಗೆಷ್ಟು ಸಿಗುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿದ್ದು ಇಲ್ಲಿಯ, ಭಾರತದ ಎರಡೂ ಕಡೆಯ ವ್ಯವಸ್ಥೆ ಕಂಡಿರುವ ನನಗೆ ಮೊದಲು ಕೇಳಬೇಕಾದದ್ದೇ ಅದು ಅನಿಸುತ್ತದೆ.

ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿಗೆ ಹಣ ಬರುವುದು ಮುಖ್ಯವಾಗಿ ಅಲ್ಲಿ ಹೆಸರು ನೋಂದಾಯಿಸಿದವರ ಲೆಕ್ಕದ ಮೇಲೆ. ಆಸ್ಪತ್ರೆಯ ತಜ್ಞರಿಗೆ ಸಂಬಳ. ಮಂಡಿನೋವೆಂದು ಹೋದರೆ ಜಿಪಿ ಕಾಲು ಮಡಚಿಸಿ, ಚಾಚಿಸಿ ನೋಡಿ, ವ್ಯಾಯಾಮದ ಹಾಳೆ ಕೈಗಿಟ್ಟು, 'ಕೆಲವು ವಾರ ಮಾಡಿ, ಕಡಿಮೆಯಾಗದಿದ್ದರೆ ಬನ್ನಿ' ಅನ್ನುತ್ತಾರೆ. ಸ್ಕ್ಯಾನ್ ಬರೆದರೆ ಅವರ ಜೇಬಿಗೆ ಏನೂ ಬರುವುದಿಲ್ಲ. ಹಾಗಾಗಿ ಆ 'ಬೇಡ'ವನ್ನು ನಂಬುವುದು ಸುಲಭ. ಆದರೆ ಇಲ್ಲೂ ಸೆಳೆತವಿದೆ, ಕಡಿಮೆ ಮಾಡುವ ಕಡೆಗೆ. ಅಗತ್ಯವಾದ ತಪಾಸಣೆಯೂ ತಡವಾಗುವುದುಂಟು; ಆಪರೇಷನ್ ಸರದಿಗೆ ತಿಂಗಳುಗಟ್ಟಲೆ ಕಾಯುವವರ ಸಂಕಟ ಸಣ್ಣದಲ್ಲ.

ಭಾರತದ ಖಾಸಗಿ ಆಸ್ಪತ್ರೆಗಳಲ್ಲಿ ಸೆಳೆತ ಅದರ ತದ್ವಿರುದ್ಧ: ಮಾಡಿದಷ್ಟಕ್ಕೆ ದುಡ್ಡು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸುಮಾರು ಶೇ. 47 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14. ತಾಯಿಯ ವಯಸ್ಸು, ತೊಡಕು, ಮನೆಯವರ ಒತ್ತಾಯ ಎಲ್ಲವನ್ನೂ ಲೆಕ್ಕಕ್ಕೆ ತಗೊಂಡರೂ ಇಷ್ಟು ಅಂತರ ಅವುಗಳಿಂದಲೇ ಆಯಿತೆಂದು ನಾನು ಒಪ್ಪಲಾರೆ. ಸಹಜ ಹೆರಿಗೆಗೆ ರಾತ್ರಿಯಿಡೀ ಕಾಯಬೇಕು; ಸಿಸೇರಿಯನ್ ಬೇಗ ಮುಗಿಯುತ್ತದೆ, ಬಿಲ್ಲೂ ದೊಡ್ಡದು. ಆ ಹೊತ್ತಿನಲ್ಲಿ 'ಸುಮ್ಮನೆ ಯಾಕೆ ರಿಸ್ಕ್' ಎಂದು ಪ್ರಾಮಾಣಿಕ ವೈದ್ಯೆಗೂ ಅನಿಸಬಹುದು. ಆಕೆಯನ್ನು ನಾನು ದೂರುವುದಿಲ್ಲ. ರೋಗಿಯನ್ನು ಬೇರೆಡೆಗೆ ಕಳಿಸಿದ್ದಕ್ಕೆ ರೆಫರಲ್ ಕಮಿಷನ್ ತೆಗೆದುಕೊಳ್ಳುವವರ ಮಾತು ಬೇರೆ. ಅದನ್ನು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳೇ ನಿಷೇಧಿಸಿವೆ.

ಹಣ ಒಳ್ಳೆಯವರ ಕೈಯನ್ನೂ ಹೇಗೆ ತಿರುಗಿಸುತ್ತದೆ ಎಂಬುದು ಬ್ರಿಟನ್ನಿನಲ್ಲೇ ಕಂಡಿದೆ. ಬಿಪಿ, ಸಕ್ಕರೆಕಾಯಿಲೆಯಂಥವನ್ನು ಸರಿಯಾಗಿ ನೋಡಿಕೊಂಡರೆ ಜಿಪಿಗಳಿಗೆ ಹೆಚ್ಚುವರಿ ಹಣ ಕೊಡುವ ಯೋಜನೆ 2004ರಲ್ಲಿ ಬಂತು. 2014ರಲ್ಲಿ ಇಂಗ್ಲೆಂಡ್ ಕೆಲವು ಅಂಶಗಳಿಗೆ ಆ ಹಣ ನಿಲ್ಲಿಸಿದಾಗ, ಆ ಕೆಲಸಗಳು ದಾಖಲಾಗುವುದೂ ತಟ್ಟನೆ ಇಳಿಯಿತು. ಡಾಕ್ಟರುಗಳು ಅವರೇ, ಕಾಯಿಲೆಗಳೂ ಅವೇ!

ಹಾಗಿದ್ದ ಮೇಲೆ ವೈದ್ಯರಿಗೆ ನೀತಿಪಾಠ ಹೇಳಿ ಪ್ರಯೋಜನವಿಲ್ಲ. ಇಷ್ಟು ಆಪರೇಷನ್, ಇಷ್ಟು ಸ್ಕ್ಯಾನ್ ಎಂಬ ಟಾರ್ಗೆಟ್‌ಗಳನ್ನು ವೈದ್ಯರ ಸಂಬಳದಿಂದ ಕಿತ್ತುಹಾಕಬೇಕು. ಅಮೆರಿಕದಲ್ಲಿ 2010ರ ಕಾನೂನಿನಿಂದಾಗಿ ಔಷಧ ಕಂಪನಿ ಯಾವ ಡಾಕ್ಟರಿಗೆ ಎಷ್ಟು ಕೊಟ್ಟಿತೆಂದು ಯಾರು ಬೇಕಾದರೂ ಹೆಸರು ಹಾಕಿ ಹುಡುಕಬಹುದು. ಭಾರತದ ರೋಗಿಗೂ ಆ ಹಕ್ಕು ಬೇಕು. ಅಲ್ಲಿಯವರೆಗೆ, ತುರ್ತಿಲ್ಲದ ಆಪರೇಷನ್ನಿಗೆ ಒಪ್ಪುವ ಮುನ್ನ ಅದನ್ನು ತಾವು ಮಾಡದ, ಮಾಡಿಸದ ಇನ್ನೊಬ್ಬ ತಜ್ಞರಿಗೆ ರಿಪೋರ್ಟ್ ತೋರಿಸಿ.