ಅರ್ಧ ಲೋಟದ ಲೆಕ್ಕ

ನಿನ್ನೆ ರಾತ್ರಿ ಎಂಟಕ್ಕೆ ಕೂತಿದ್ದು, ಹತ್ತಾದರೂ ಏಳಲಿಲ್ಲ. ಎರಡನೇ ಕ್ಲಾಸಿನ ಮಗಳಿಗೆ ಶಾಲೆಯಿಂದ ವರ್ಕ್‌ಶೀಟ್ ಬಂದಿತ್ತು. ಡಬಲ್ ಮಾಡುವ ಲೆಕ್ಕ 10, ಅರ್ಧ ಮಾಡುವ ಲೆಕ್ಕ 10. ಪಕ್ಕದಲ್ಲಿ ‘ಪೋಷಕರು ಆಟದ ಮೂಲಕ ಕಲಿಸಿ’ ಅಂತ ಬೇರೆ. ಆಟವಂತೆ!

ಡಬಲ್ ಹೇಗೋ ಆಯಿತು. 5ರ ತನಕ ಕೈಬೆರಳು ಸಾಕಾಯಿತು. 6 ಬಂದಾಗ ಸಾಕ್ಸ್ ಬಿಚ್ಚಿದಳು. 15ರ ಹೊತ್ತಿಗೆ ನನ್ನ ಎರಡು ಕೈಯೂ ಅವಳ ವಶ. ಅಡುಗೆಮನೆಯಲ್ಲಿ ಕುಕ್ಕರ್ ಐದನೇ ಸಲ ಕೂಗುತ್ತಿತ್ತು, ಏಳೋಣವೆಂದರೆ ‘ಅಮ್ಮಾ, ಬೆರಳು ಅಲ್ಲಾಡಿಸಬೇಡ!’

ಸಿಕ್ಕಿಕೊಂಡಿದ್ದು ಅರ್ಧದಲ್ಲಿ.

‘14ರ ಅರ್ಧ ಎಷ್ಟು ಪುಟ್ಟಿ?’

‘ಹತ್ತು.’

‘ಹತ್ತು ಹೇಗೆ ಆಗುತ್ತೆ?’

‘ಅಪ್ಪನ ಅರ್ಧ ಅಷ್ಟೇ ಇರುತ್ತಲ್ಲಮ್ಮ.’

ಮಗುವಿನದು ಏನೂ ತಪ್ಪಿಲ್ಲ. ನಮ್ಮ ಯಜಮಾನರು ದಿನಕ್ಕೆ ಆರು ಸಲ ‘ಅರ್ಧ ಲೋಟ ಕಾಫಿ ಕೊಡು, ಜಾಸ್ತಿ ಬೇಡ’ ಅನ್ನುತ್ತಾರೆ. ನಿಜವಾಗಿ ಅರ್ಧಕ್ಕೆ ನಿಲ್ಲಿಸಿದರೆ ಲೋಟವನ್ನೂ ನನ್ನ ಮುಖವನ್ನೂ ನೋಡುತ್ತಾರೆ. ಮುಕ್ಕಾಲು ದಾಟಿದ ಮೇಲೆ ‘ಸಾಕು ಸಾಕು’ ಅಂತ ಕೈ ಅಡ್ಡ ಬರುತ್ತದೆ. ಆ ಕೈ ಬರುವಷ್ಟರಲ್ಲಿ ಇನ್ನೊಂದು ಗುಟುಕು ಬಿದ್ದಿರುತ್ತದೆ. ಹೋಟೆಲಿನಲ್ಲಿ ಬೈಟು ಹೇಳಿದರೂ ಅಷ್ಟೇ, ಎರಡೂ ಲೋಟದೊಳಗೆ ಇಣುಕಿ ನೋಡಿ ‘ನೀನು ತಗೋ’ ಅಂತ ಕಡಿಮೆ ಇದ್ದದ್ದನ್ನು ಇತ್ತ ತಳ್ಳುತ್ತಾರೆ, ದೊಡ್ಡ ತ್ಯಾಗಿಯ ಹಾಗೆ. ಕಾಫಿ ಕಡಿಮೆ ಮಾಡಿ ಅಂದ ಡಾಕ್ಟರಿಗೆ ಹೇಳಿದ್ದು ಏನು ಗೊತ್ತಾ? ‘ಬರೀ ಅರ್ಧರ್ಧ ಲೋಟ ಡಾಕ್ಟ್ರೇ, ಎಲ್ಲಾ ಸೇರಿದ್ರೆ ಮೂರು ಲೋಟ.’ 6ರ ಅರ್ಧ 3. ಅಲ್ಲಿ ಮಾತ್ರ ಲೆಕ್ಕ ಪಕ್ಕಾ.

ಕೊನೆಗೆ ಅಕ್ಕಿ ಡಬ್ಬದಿಂದ ಪಾವು ತಂದೆ. ಅಮ್ಮನ ಮನೆಯಲ್ಲಿ ಹಿತ್ತಾಳೆಯ ಪೂರ್ತಿ ಸೆಟ್ಟೇ ಇತ್ತು. ಎರಡು ಚಟಾಕಿಗೆ ಅರೆಪಾವು, ಎರಡು ಅರೆಪಾವಿಗೆ ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಮಳೆ ಹಿಡಿದ ದಿನ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ರಾಗಿ ಸುರಿಯುವುದೇ ನಮ್ಮ ಆಟ. ಅದು ಗಣಿತ ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಮುಟ್ಟುತ್ತಲೂ ಇರಲಿಲ್ಲ ಅನ್ನಿ. ಅಜ್ಜಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೆಲ್ಲ ಬಾಯಿಗೆ ಬರುತ್ತಿತ್ತು, ತರಕಾರಿಯವನು ಬೆರಳು ಮಡಚುವ ಮೊದಲೇ ದುಡ್ಡು ಎಣಿಸಿಟ್ಟಿರುತ್ತಿದ್ದಳು. ಅಜ್ಜಿ ಹೋದ ಮೇಲೆ ಸೇರು, ಅಚ್ಚೇರು ಪಾತ್ರೆ ಅಂಗಡಿಯ ತಕ್ಕಡಿಗೆ ಹೋದವು. ಹೊಸ ಕುಕ್ಕರ್ ಬಂತು. ನಾನು ಈ ಪಾವನ್ನೊಂದು ಎತ್ತಿಟ್ಟುಕೊಂಡಿದ್ದೆ.

ಪಾವು ಅಕ್ಕಿಯನ್ನು ಒಂದೇ ಅಳತೆಯ ಎರಡು ಲೋಟಕ್ಕೆ ಸಮ ಮಾಡು ಅಂದೆ. ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಕೊನೆಗೆ ಒಂದೊಂದೇ ಕಾಳು ಎತ್ತಿ ಹಾಕಿದಳು. ಆಮೇಲೆ ತಲೆ ಎತ್ತಿ, ‘ಅರ್ಧ ಅಂದ್ರೆ ಇಷ್ಟೇನಾ?’ ಅಂದಳು. ದನಿಯಲ್ಲಿ ಮೋಸ ಹೋದವರ ಬೇಸರ.

ಅಷ್ಟರಲ್ಲಿ ಟಿವಿ ಮುಂದಿನಿಂದ, ‘ಅರ್ಧ ಲೋಟ ಕಾಫಿ ಸಿಗುತ್ತೇನೇ?’

ಮಗಳ ಉಸ್ತುವಾರಿಯಲ್ಲೇ ಕಾಫಿ ಬಗ್ಗಿಸಿದೆ. ಅವಳೇ ತೆಗೆದುಕೊಂಡು ಹೋದಳು. ಅವರು ಲೋಟದೊಳಗೆ ನೋಡಿದರು.

‘ಯಾರು ಕುಡಿದಿದ್ದು ಇದನ್ನ?’

‘ಯಾರೂ ಇಲ್ಲಪ್ಪ. ಅರ್ಧ ಇದು.’

‘ಹೌದಾ? ಹಾಗಾದ್ರೆ ಡಬಲ್ ಮಾಡ್ಕೊಂಡು ಬಾ ಪುಟ್ಟಿ.’

ವರ್ಕ್‌ಶೀಟಿನಲ್ಲಿ ಇನ್ನೂ ಎಂಟು ಲೆಕ್ಕ ಬಾಕಿ ಇತ್ತು. ಪೆನ್ಸಿಲು ಅವರ ಕೈಗೆ ಕೊಟ್ಟು, ‘ರೀ, ಇದರಲ್ಲಿ ಅರ್ಧ ನೀವು ಮಾಡಿಸಿ’ ಅಂದೆ.

ಅವರ ಅರ್ಧ.